ಲಂಟಾನ ಪೊದೆಗೆ ಹೋದ ಚೆಂಡು

ಈರುಳ್ಳಿ ದಲ್ಲಾಳಿ ಫಾಲಾಕ್ಷಪ್ಪ ಮತ್ತು ಅಕ್ಕಿ ಗಿರಣಿಯ ಪದ್ಮರಾಜಯ್ಯ ಗಾಲ್ಫ್ ಆಟದಲ್ಲಿ ಜೋಡಿ. ಜೋಡಿಯಾಟದಲ್ಲಿ ಇಬ್ಬರಿಗೂ ಒಂದೇ ಚೆಂಡು. ಒಬ್ಬರು ಹೊಡೆದ ಮೇಲೆ ಇನ್ನೊಬ್ಬರ ಸರದಿ.

ಪದ್ಮರಾಜಯ್ಯನವರ ಮೊಣಕಾಲು ಸವೆದಿತ್ತು. ಇದೇ ಕೊನೆಯ ಪಂದ್ಯ, ಆಮೇಲೆ ಮೈದಾನದ ಕಡೆ ತಲೆ ಹಾಕಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಕ್ಲಬ್ಬಿನ ಕಪ್ಪನ್ನು ಒಮ್ಮೆಯಾದರೂ ಎತ್ತಬೇಕೆಂಬುದು ಅವರ ಆಸೆ. ಫೈನಲ್‌ನ ಕೊನೆಯ ಗುಂಡಿಗೆ ಬಂದಾಗ ಎರಡೂ ಜೋಡಿ ಸರಿಸಮ.

ಹೊಡೆಯುವ ಜಾಗ ದಿಬ್ಬದ ಮೇಲಿತ್ತು. ಫಾಲಾಕ್ಷಪ್ಪ ಬೀಸಿದ ಏಟಿಗೆ ಚೆಂಡು ಬಲಕ್ಕೆ ತಿರುಗಿ, ಕೆಳಗಿನ ಲಂಟಾನ ಪೊದೆಗೆ ನುಗ್ಗಿತು.

“ಇಲ್ಲಿಂದಲೇ ನಾನು ಇನ್ನೊಂದು ಹೊಡೆದಿಡ್ತೀನಿ,” ಎಂದರು ಪದ್ಮರಾಜಯ್ಯ. “ಮೊದಲಿನದು ಸಿಕ್ಕರೆ ಅದನ್ನೇ ಆಡೋಣ. ಸಿಗದಿದ್ದರೆ ಇದಿರುತ್ತೆ. ನಿಯಮದಲ್ಲೇ ಇದೆ.”

ಫಾಲಾಕ್ಷಪ್ಪನದು ಅಪಶಕುನವೆಂದು ‘ದೀಪ ಆರಿಸು’ ಎನ್ನದೆ ‘ದೀಪ ದೊಡ್ಡದು ಮಾಡು’ ಎನ್ನುವ ಮನೆತನ.

“ಬಿಡ್ತು ಅನ್ನಿ! ಇನ್ನೊಂದು ಚೆಂಡು ತೆಗೆದರೆ ಮೊದಲಿನದು ಹೋಯ್ತು ಅಂತ ನಾವೇ ಒಪ್ಪಿದ ಹಾಗೆ.”

“ಅಂಗಡಿಗೆ ಬೀಗ ಹಾಕಿದರೆ ಕಳ್ಳನನ್ನು ಕರೆದ ಹಾಗೇನೋ?”

ಫಾಲಾಕ್ಷಪ್ಪ ಆಗಲೇ ಅರ್ಧ ದಿಬ್ಬ ಇಳಿದಿದ್ದ. ಜೊತೆಗಾರನ ಮನಸ್ಸು ಮುರಿಯುವುದೇಕೆ ಎಂದು ಪದ್ಮರಾಜಯ್ಯನವರೂ ಕೈಯಲ್ಲಿದ್ದ ಇನ್ನೊಂದು ಚೆಂಡನ್ನು ಜೇಬಿಗಿಳಿಸಿ ಕುಂಟುತ್ತಾ ಇಳಿದರು.

ಹುಡುಕಲು ಇರುವುದು ಮೂರೇ ನಿಮಿಷ. ಎದುರಾಳಿಗಳೂ ಬಗ್ಗಿ ಹುಡುಕಿದರು. ರೆಫರಿ ಗಡಿಯಾರ ನೋಡಿ, “ಹೊತ್ತು ಮುಗೀತು. ಚೆಂಡು ಕಳೆದ ಲೆಕ್ಕ,” ಎಂದ.

“ಇರಿ ಸ್ವಾಮಿ, ಇಲ್ಲೇ ಬಿದ್ದದ್ದು ಕಣ್ಣಾರೆ ನೋಡಿದ್ದೀನಿ!” ಫಾಲಾಕ್ಷಪ್ಪ ಪೊದೆಯಿಂದ ತಲೆಯನ್ನೇ ಎತ್ತಲಿಲ್ಲ.

“ಏನು ಫಾಲಾಕ್ಷಪ್ಪನೋರೇ, ಚೆಂಡು ಬಿತ್ತಿದ್ದೀರಾ? ಮೊಳಕೆ ಬರೋವರೆಗೂ ಕಾಯಬೇಕಾ?” ಎಂದು ನೋಡುತ್ತಿದ್ದವರು ಕೂಗಿದರು.

ಕೊನೆಗೆ ಅಂಗಿ ಹರಿದುಕೊಂಡು ಎದ್ದ. “ಸಿಕ್ತು! ನಾನು ಹೇಳ್ಲಿಲ್ವಾ?”

“ಸಂತೋಷ, ಮನೆಗೆ ತಗೊಂಡು ಹೋಗಿ,” ಎಂದ ರೆಫರಿ. “ಆಟಕ್ಕೆ ಅದು ಬರಲ್ಲ. ಒಂದು ಹೊಡೆತ ದಂಡ. ಮತ್ತೆ ದಿಬ್ಬದ ಮೇಲಿಂದಲೇ ಹೊಡೀಬೇಕು. ಸರದಿ ಪದ್ಮರಾಜಯ್ಯನವರದು.”

ಪದ್ಮರಾಜಯ್ಯ ದಿಬ್ಬ ನೋಡಿದರು. “ಅಲ್ಲೇ ನಿಂತಿದ್ದೆನಲ್ಲೋ ಮಾರಾಯ! ಚೆಂಡೂ ಕೈಯಲ್ಲೇ ಇತ್ತು!”

ಆದರೂ ಹತ್ತಿದರು. ಅರ್ಧ ಏರುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು. ಹುಲ್ಲಿನ ಮೇಲೆ ಕುಸಿದು ಕೂತರು. ಫಾಲಾಕ್ಷಪ್ಪ ಓಡಿಬಂದ.

“ನನ್ನ ಬೆನ್ನೇರಿ ಅಣ್ಣ, ಹೊತ್ಕೊಂಡು ಹೋಗ್ತೀನಿ!”

“ಹೊತ್ಕೊಂಡು ಹೋಗಿ ನಿಲ್ಲಿಸ್ತೀಯ. ಹೊಡೆಯೋಕೆ ಕಾಲು ಬೇಡವಾ?” ಪದ್ಮರಾಜಯ್ಯ ರೆಫರಿಯತ್ತ ತಿರುಗಿದರು. “ಸಾಕು ಸ್ವಾಮಿ. ಕಪ್ಪು ಅವರಿಗೇ ಕೊಡಿ.”

ನೀತಿ: ಹೋದದ್ದನ್ನು ಹುಡುಕುವುದು ತಪ್ಪಲ್ಲ. ಆದರೆ ಎರಡನೆಯ ಏರ್ಪಾಡು ಮಾಡಿಟ್ಟು ಹುಡುಕು, ಹೊತ್ತು ಮೀರಿದರೆ ಕೈಬಿಡು. ‘ನಷ್ಟ’ ಎಂದು ಬಾಯಿಬಿಟ್ಟು ಹೇಳದಿದ್ದ ಮಾತ್ರಕ್ಕೆ ನಷ್ಟ ತಪ್ಪುವುದಿಲ್ಲ. ಅದು ಜೊತೆಗಾರನ ತಲೆಗೆ ಬೀಳುತ್ತದೆ, ಅಷ್ಟೇ.