ವಾಲಿದ ರೆಕ್ಕೆಗೆ ಹೆಗಲು ಕೊಟ್ಟ ಕಾಳಮ್ಮ

ತುಂಬಾ ಹಿಂದೆ, ಒಂದೂರಲ್ಲಿ, ಕಾಳಮ್ಮ ಅಂತ ಒಬ್ಬ ಆಚಾರಿ ಹೆಂಗಸಿದ್ಳಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ನಮ್ಮಜ್ಜಿಯನ್ನ ಕೇಳಿದ್ರೆ ಸತ್ಯಯುಗದಲ್ಲಿ ಅಂತಿದ್ಳು. ವಿಮಾನ, ರೇಡಿಯೋ, ಪೆಟ್ರೋಲು ಎಲ್ಲಾ ಇದ್ದ ಸತ್ಯಯುಗ ಯಾವುದೋ ನಾನಂತೂ ಕಾಣೆ. ಊರಿನ ಹೆಸರೂ ಬೇಡ. ಹೇಳಿದ್ರೆ ಅಕ್ಕಪಕ್ಕದ ಊರೋರು, ಕಾಳಮ್ಮ ನಮ್ಮೋಳು, ನಿಮ್ಮೋಳಲ್ಲ ಅಂತ ಜಗಳಕ್ಕೆ ಬರ್ತಾರೆ. ಸುಮ್ನೆ ಕೇಳಿ. ನಡುವೆ ಬಾಯಿ ಹಾಕಿದ್ರೆ ಕತೆ ಅಲ್ಲಿಗೇ ನಿಲ್ಲಿಸ್ತೀನಿ.

ಆ ಊರ ಪಕ್ಕ ಒಂದು ಬಯಲಿತ್ತಂತೆ. ಹದ್ದಿನ ಬಯಲು ಅಂತ ಹೆಸರು. ಯಾವುದೋ ಯುದ್ಧದ ಕಾಲದಲ್ಲಿ ದೊರೆಗಳು ವಿಮಾನ ಇಳಿಸೋಕೆ ಅಂತ ಆ ನೆಲ ಬಡಿಸಿ ಗಟ್ಟಿ ಮಾಡಿಸಿ, ಯುದ್ಧ ಮುಗಿದ ಮೇಲೆ ಮರೆತೇ ಹೋದ್ರಂತೆ. ಅಲ್ಲಿ ಹುಲ್ಲು ಕೂಡ ನೆಟ್ಟಗೆ ಹುಟ್ಟುತ್ತಿರಲಿಲ್ಲ. ಊರೋರು ಅಲ್ಲಿ ಹುರುಳಿ ಬಡೀತಿದ್ರು, ಸಂಡಿಗೆ ಒಣಗಿಸ್ತಿದ್ರು. ಹಾಗಿರೋವಾಗ ಒಂದು ವರ್ಷ, ಸಂಕ್ರಾಂತಿ ಕಳೆದ ಮೇಲೆ, ದೂರದ ಊರುಗಳಿಂದ ಜನ ಬಂದ್ರಂತೆ. ವ್ಯಾನುಗಳಲ್ಲಿ ವಿಮಾನ ಹೇರ್ಕೊಂಡು ಬಂದ್ರಂತೆ. ಮಕ್ಕಳಾಟದ ಸಾಮಾನು ಅಂದ್ಕೋಬೇಡಿ. ಒಂದೊಂದರ ರೆಕ್ಕೆ ಎರಡು ಮಂಚ ಉದ್ದಕ್ಕೆ ಜೋಡಿಸಿದಷ್ಟು. ಒಳಗೆ ಮನುಷ್ಯ ಇಲ್ಲ, ಆದ್ರೆ ಇಂಜಿನ್ ಇದೆ, ಚಕ್ರ ಇದೆ, ಮೂತಿಯಲ್ಲಿ ಪಂಕ ಇದೆ. ಹಾರಿಸೋನು ಕೆಳಗೆ ನಿಂತಿರ್ತಾನೆ, ಅವನ ಕೊರಳಲ್ಲಿ ಒಂದು ರೇಡಿಯೋ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಎರಡು ಸಣ್ಣ ಕಡ್ಡಿ. ಇಲ್ಲಿ ಹೆಬ್ಬೆರಳಲ್ಲಿ ಕಡ್ಡಿ ಆಡಿಸಿದ್ರೆ ಅಲ್ಲಿ ಆಕಾಶದಲ್ಲಿ ವಿಮಾನ ಹೊರಳೋದು. ನೋಡೋಕೆ ಸುತ್ತಲ ಹಳ್ಳಿಯೆಲ್ಲ ಬುತ್ತಿ ಕಟ್ಕೊಂಡು ಬಂತಂತೆ. ಬಂದೋರು ಅದಕ್ಕೆ ಏರ್ ಶೋ ಅಂದ್ರು. ನಮ್ಮೋರ ಬಾಯಲ್ಲಿ ಅದು ಹದ್ದಿನ ಆಟ ಆಯ್ತು. ಅವತ್ತಿಂದ ವರ್ಷಾ ವರ್ಷಾ ನಡೀತಂತೆ.

ಕಾಳಮ್ಮನ ಗಂಡ ಸಿಂಗ್ರಾಚಾರಿ. ಎತ್ತಿನ ಗಾಡಿ ಮಾಡೋದರಲ್ಲಿ ಆ ಸೀಮೆಗೇ ಅವನ ಸಮ ಇರಲಿಲ್ಲವಂತೆ. ಅವನು ಮಾಡಿದ ಗಾಡಿ ಖಾಲಿ ಇದ್ರೆ ಎತ್ತೇ ಬೇಡ, ಬೈದ್ರೆ ಸಾಕು ಮುಂದಕ್ಕೆ ಹೋಗ್ತಿತ್ತು ಅಂತಾರೆ. ಅಂಥವನು ಹದ್ದಿನ ಆಟ ನೋಡಿದ್ದೇ ನೋಡಿದ್ದು, ಹುಚ್ಚು ಹಿಡೀತಂತೆ. ಬೂರುಗದ ಮರ ಕೊಯ್ದ. ಬಿದಿರು ಸೀಳಿದ. ಎತ್ತಿನ ಗಾಡಿಯಷ್ಟು ಉದ್ದದ ವಿಮಾನ ಕಟ್ಟಿದ. ಮರ ಕೊಯ್ಯೋ ಯಂತ್ರದ ಇಂಜಿನ್ ಬಿಚ್ಚಿ ಅದರ ಮೂತಿಗೆ ಕೂರಿಸಿದ. ಮೈಗೆಲ್ಲ ಬಿಳೀ ಬಟ್ಟೆ ಬಿಗಿದು ಬೆಳ್ಳಕ್ಕಿ ಅಂತ ಹೆಸರಿಟ್ಟ. ಆ ಬಟ್ಟೆ ಕಾಳಮ್ಮನ ಧಾರೆ ಸೀರೆ ಅಂತ ಕೆಲವರು ಹೇಳ್ತಾರೆ. ನಂಬಬೇಡಿ. ಧಾರೆ ಸೀರೆಗೆ ಕತ್ತರಿ ಇಟ್ಟಿದ್ರೆ ಸಿಂಗ್ರಾಚಾರಿ ಅವತ್ತೇ ಊರು ಬಿಡಬೇಕಾಗಿತ್ತು.

ಆಚಾರಿ ಆಕಾಶಕ್ಕೆ ಏಣಿ ಹಾಕ್ತಾವ್ನೆ ಅಂತ ಊರೋರು ಆಡಿಕೊಂಡ್ರು. ಅವನು ಕಿವಿಗೆ ಹಾಕ್ಕೊಳ್ಳಲಿಲ್ಲ. ಆಟ ನಡೆಸೋರಲ್ಲಿ ಪೊನ್ನಪ್ಪ ಅಂತ ಕೊಡಗಿನ ಕಡೆಯ ಹಿರಿಯರಿದ್ರಂತೆ, ಹಿಂದೆ ವಾಯುಪಡೆಯಲ್ಲಿ ನಿಜವಾದ ವಿಮಾನ ಹಾರಿಸಿದೋರು. ಬೆಳ್ಳಕ್ಕಿಯನ್ನ ಸುತ್ತಿ ಸುತ್ತಿ ನೋಡಿ, ತಮ್ಮದೇ ಒಂದು ರೇಡಿಯೋ ಪೆಟ್ಟಿಗೆ ಕೊಟ್ಟು, ಹಾರಿಸು ಅಂದ್ರಂತೆ.

ಹಾರಿಸಿದ. ಮೇಲೆ ಹೋಯ್ತು. ಜನ ಹೋ ಅಂತು. ಆಚೆ ಹೋಗೋವಾಗ ಎಲ್ಲಾ ಸರಿ, ಕೆಟ್ಟಿದ್ದು ತಿರುಗಿ ಬರೋವಾಗ. ಸಿಂಗ್ರಾಚಾರಿ ಗಾಡಿ ಮಾಡಿ, ಓಡಿಸಿ, ಜೀವಮಾನವೆಲ್ಲ ಎತ್ತಿನ ಹಿಂದೆ ಕೂತೋನು. ಎತ್ತಿನ ಬಲ ಅವನ ಬಲ, ಎತ್ತಿನ ಎಡ ಅವನ ಎಡ. ಅದೇ ಎತ್ತು ತಿರುಗಿ ಅವನ ಎದುರಿಗೇ ಓಡಿ ಬಂದ್ರೆ? ಅದರ ಬಲ ಇವನಿಗೆ ಎಡ ಆಯ್ತು. ಬೆಳ್ಳಕ್ಕಿ ಎದುರಿಗೆ ಬರ್ತಾ ಅವನ ಎಡಗಡೆಗೆ ವಾಲ್ತು. ಸಿಂಗ್ರಾಚಾರಿ ಮೂಗುದಾರ ಎಳೆದಂಗೆ ಕಡ್ಡಿಯನ್ನ ಬಲಕ್ಕೆ ಎಳೆದ. ಅದು ಇನ್ನಷ್ಟು ವಾಲ್ತು. ಅವನು ಇನ್ನಷ್ಟು ಎಳೆದ. ಬೆಳ್ಳಕ್ಕಿ ಮಗುಚಿಕೊಂಡು ನೆಲಕ್ಕೆ ತಲೆ ಕೊಟ್ಟು ಚೂರು ಚೂರಾಯ್ತಂತೆ.

ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನು ಆಚಾರಿ, ಅಂತ ಯಾರೋ ನಕ್ಕರಂತೆ. ಸಿಂಗ್ರಾಚಾರಿ ಚೂರೆಲ್ಲ ಗುಡ್ಡೆ ಮಾಡಿ ಹೊತ್ಕೊಂಡ. ಮನೆಗೆ ಬಂದ. ಉಳಿ, ಬಾಚಿ, ಕೊಡತಿ ಎಲ್ಲಾ ಒಂದು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ಮೂಲೆಗೆಸೆದ. ಬಾಗಿಲು ಮಾಡಿಕೊಡು ಅಂತ ಬಂದೋರಿಗೆ ಇಲ್ಲ ಅಂದ. ನೊಗ ಮುರಿದಿದೆ ಅಂತ ಬಂದೋರಿಗೂ ಇಲ್ಲ ಅಂದ. ಆಯುಧಪೂಜೆ ಬಂತು, ಉಳಿಗೆ ಕುಂಕುಮ ಇಲ್ಲ, ಬಾಚಿಗೆ ಹೂವಿಲ್ಲ. ಆಚಾರಿ ಮನೆಯಲ್ಲಿ ಹಾಗಾದ್ರೆ ಅದು ಸೂತಕವೇ ಅಲ್ವೇ?

ಕಾಳಮ್ಮ ವಿಮಾನಕ್ಕಾಗಿ ಅಳಲಿಲ್ಲವಂತೆ. ಮದುವೆಯಾಗಿ ಬಂದಾಗಿಂದ ದಿನಾ ಉಳಿ ಏಟಿನ ಸದ್ದಿಗೇ ಎದ್ದೋಳು ಅವಳು. ಈಗ ಕೋಳಿ ಕೂಗಿದ್ರೂ ಬೆಳಗಾಯ್ತು ಅನ್ನಿಸ್ತಿರಲಿಲ್ಲ. ಗಂಡ ಹೊಂಗೆ ಮರದ ಕೆಳಗೆ ತಲೆ ಮೇಲೆ ಕೈ ಹೊತ್ತು ಕೂತಿರೋದು, ಇವಳು ಒಲೆ ಮುಂದೆ ಕೂತಿರೋದು. ಅವನು ಬದುಕಿದ್ದಾನೆ, ಆದ್ರೆ ಮನೆಯಲ್ಲಿಲ್ಲ ಅಂತ ಅವಳಿಗೆ ಅನ್ನಿಸ್ತಿತ್ತಂತೆ. ಒಂದು ಬೆಳಗ್ಗೆ ಎದ್ದು ಬೆಳ್ಳಕ್ಕಿಯ ಚೂರೆಲ್ಲ ಅಂಗಳಕ್ಕೆ ಸುರಿದ್ಳಂತೆ.

"ಇದೇನೇ?" ಅಂದ ಸಿಂಗ್ರಾಚಾರಿ.

"ಕಟ್ತೀನಿ. ಬರೋ ಹದ್ದಿನ ಆಟಕ್ಕೆ ನಾನೇ ಹಾರಿಸ್ತೀನಿ."

"ಮತ್ತೆ ಬಿದ್ರೆ?"

"ಬಿದ್ರೆ ನಿಮ್ಮಿಷ್ಟ ಬಂದಂಗೆ ಮಾಡಿ."

ಬಿದ್ರೆ ಈ ಚೀಲ ತಗೊಂಡೋಗಿ ಬಯಲಿನ ತುದಿಯ ಪಾಳುಬಾವಿಗೆ ಹಾಕ್ತೀನಿ, ಆಮೇಲೆ ನನ್ನನ್ನ ಆಚಾರಿ ಅಂತ ಯಾರೂ ಕರೀಬಾರದು, ಅಂದನಂತೆ ಅವನು. ಕಾಳಮ್ಮ ಹೂಂ ಅಂದ್ಬಿಟ್ಳು. ಆಡಿದ ಮಾತು ಆಡಿ ಆಗಿತ್ತು.

ಕಟ್ಟೋದು ಅವಳಿಗೆ ಕಷ್ಟವಾಗಲಿಲ್ಲವಂತೆ. ಗಂಡ ಮರ ಕೊಯ್ಯೋವಾಗ ಇನ್ನೊಂದು ತುದಿ ಹಿಡಿದೋಳು ಇವಳೇ ತಾನೆ. ಚೀಲ ಮಾತ್ರ ಬಿಚ್ಚಲಿಲ್ಲ. ತವರಿಂದ ಅಣ್ಣನ ಉಳಿ ತರಿಸಿಕೊಂಡು ಕೆಲಸ ಮಾಡಿದ್ಳು. ಕಷ್ಟವಾಗಿದ್ದು ಹಾರಿಸೋದು. ಸುದ್ದಿ ಕೇಳಿ ಪೊನ್ನಪ್ಪನೋರು ಅವಳಿಗೆ ಕಲಿಯೋಕೆ ಅಂತ ಒಂದು ಪುಟ್ಟ ವಿಮಾನ ಕಳಿಸಿದ್ರಂತೆ. ಹೋಗೋವಾಗ ಚೆನ್ನಾಗಿ ಹೋಗೋದು, ಬರೋವಾಗ ದಡ್ ಅಂತ ಬೀಳೋದು. ಅಂಟಿಸೋಳು, ಹಾರಿಸೋಳು, ಬೀಳಿಸೋಳು. ಗಾಳಿ ಗುದ್ದಿ ಮೈ ನೋಯಿಸ್ಕೊಂಡಂಗೆ ಆಯ್ತು ಇವಳ ಪಾಡು ಅಂತ ನೀರಿಗೆ ಹೋಗೋ ಹೆಂಗಸರೆಲ್ಲ ಅಂದ್ರು.

ಆಮೇಲೆ ಸುಗ್ಗಿ ಬಂತು. ಹುಲ್ಲಿನ ಗಾಡಿ ಹೊಲದಿಂದ ಬರ್ತಿತ್ತಂತೆ, ಕಾಳಮ್ಮ ಪಕ್ಕದಲ್ಲಿ ನಡೀತಿದ್ಳಂತೆ. ಮನೆಯೆತ್ತರ ಹೇರಿದ ಹುಲ್ಲು. ಚಕ್ರ ಹಳ್ಳಕ್ಕೆ ಇಳೀತು, ಗಾಡಿ ವಾಲ್ತು. ಕಾಳಮ್ಮ ಓಡಿಹೋಗಿ ವಾಲಿದ ಕಡೆ ಹೆಗಲು ಕೊಟ್ಳು. ಗಾಡಿ ನೆಟ್ಟಗಾಯ್ತು. ಗಾಡಿ ಮುಂದೆ ಹೋದ್ರೂ ಅವಳು ಅಲ್ಲೇ ನಿಂತಿದ್ಳಂತೆ, ತಲೆ ತುಂಬಾ ಹುಲ್ಲು, ಒಬ್ಬಳೇ ನಗ್ತಾ. ಗಾಡಿ ವಾಲಿದಾಗ ಇದು ಎಡವೋ ಬಲವೋ ಅಂತ ಯಾರು ಯೋಚನೆ ಮಾಡ್ತಾರೆ? ಯಾವ ಕಡೆ ಬೀಳ್ತಿದೆಯೋ ಆ ಕಡೆ ಹೆಗಲು. ಅಷ್ಟೇ ತಾನೆ?

ಮಾರನೇ ದಿನ ಬಯಲಲ್ಲಿ ಹಾಗೇ ಮಾಡಿದ್ಳಂತೆ. ವಿಮಾನ ಎದುರಿಗೆ ಬರ್ತಿದೆ, ಒಂದು ರೆಕ್ಕೆ ತಗ್ಗುತ್ತಿದೆ. ಯಾವ ರೆಕ್ಕೆ ತಗ್ಗಿತೋ ಆ ಕಡೆಗೇ ಕಡ್ಡಿ ತಳ್ಳಿದ್ಳು, ಅದರ ಕೆಳಗೆ ಹೆಗಲು ಇಟ್ಟಂಗೆ. ರೆಕ್ಕೆ ಎದ್ದಿತು. ಇನ್ನೊಂದು ತಗ್ಗಿತು, ಅದಕ್ಕೂ ಕೊಟ್ಳು. ಅದೂ ಎದ್ದಿತು. ಅವತ್ತು ಆ ಪುಟ್ಟ ವಿಮಾನ ಬೀಳಲೇ ಇಲ್ಲವಂತೆ.

ಹದ್ದಿನ ಆಟದ ದಿನ ಬಂತು. ಬಯಲಿನ ಸುತ್ತ ಹಗ್ಗ ಕಟ್ಟಿ ಹಗ್ಗದಾಚೆ ಜನ. ಆದ್ರೆ ಅವತ್ತು ಅಡ್ಡಗಾಳಿ. ದೊಡ್ಡ ದೊಡ್ಡೋರು ತಮ್ಮ ವಿಮಾನ ವ್ಯಾನಿಂದ ಇಳಿಸಲೇ ಇಲ್ಲವಂತೆ. ಪೊನ್ನಪ್ಪನೋರು ಬಂದು, "ಅಮ್ಮಾ, ಗಾಳಿ ಕೆಟ್ಟದಾಗಿದೆ. ನಾಳೆ ನೋಡೋಣ," ಅಂದ್ರು.

"ನಾಳೆ ತನಕ ನಮ್ಮೆಜಮಾನ್ರು ಕಾಯಲ್ಲ ಸ್ವಾಮಿ," ಅಂದ್ಳು ಕಾಳಮ್ಮ.

ಅವಳು ಬೆರಳು ತೋರಿಸಿದ ಕಡೆ ಅವರು ನೋಡಿದ್ರಂತೆ. ಬಯಲಿನ ಆ ತುದಿಯಲ್ಲಿ, ಪಾಳುಬಾವಿಯ ಕಟ್ಟೆ ಮೇಲೆ, ಸಿಂಗ್ರಾಚಾರಿ ಆಟಕ್ಕೆ ಬೆನ್ನು ತಿರುಗಿಸಿ, ತಲೆ ತಗ್ಗಿಸಿ ಕೂತಿದ್ದ. ತೊಡೆ ಮೇಲೆ ಗೋಣಿಚೀಲ. ಕಣ್ಣಿಂದ ನೋಡೋ ಧೈರ್ಯ ಇರಲಿಲ್ಲ, ಇಂಜಿನ್ ಸದ್ದು ಕೇಳಿಸಿಕೊಳ್ಳೋಕೆ ಬಂದಿದ್ದ. ಪೊನ್ನಪ್ಪನೋರು ಪಕ್ಕಕ್ಕೆ ಸರಿದು ನಿಂತ್ರು.

ಕಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ರೇಡಿಯೋ ಪೆಟ್ಟಿಗೆ ಕೊರಳಿಗೆ ಹಾಕ್ಕೊಂಡ್ಳು. ಇಂಜಿನ್ ಗುರ್ ಅಂತು. ಬೆಳ್ಳಕ್ಕಿ ಓಡ್ತು, ಓಡ್ತು, ಧೂಳೆಬ್ಬಿಸಿಕೊಂಡು ಎದ್ದೇಬಿಡ್ತು. ಅಡ್ಡಗಾಳಿ ಹೊಡೀತು, ಕಾಳಮ್ಮ ಸಂಭಾಳಿಸಿದ್ಳು. ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಎದುರಿಗೆ ಬರೋವಾಗಲೆಲ್ಲ ತಗ್ಗಿದ ರೆಕ್ಕೆಗೆ ಹೆಗಲು ಕೊಡ್ತಾ ಹೋದ್ಳು. ಆಮೇಲೆ ಅವಳಿಗೇ ಧೈರ್ಯ ಬಂದು ಬೆಳ್ಳಕ್ಕಿಗೆ ಆಕಾಶದಲ್ಲಿ ಲಾಗ ಹಾಕಿಸಿದ್ಳಂತೆ. ಜನ ಶಿಳ್ಳೆ ಹೊಡೆದಿದ್ದು ಮೂರೂರಿಗೆ ಕೇಳಿಸ್ತು ಅಂತಾರೆ.

ಕೊನೇ ಸುತ್ತು. ಬೆಳ್ಳಕ್ಕಿ ಪಾಳುಬಾವಿಗಿಂತ ಆಚೆ, ದೂರ ಹೋಗಿ ತಿರುಗ್ತು. ತಿರುಗಿದ್ದೇ ತಡ, ಇಂಜಿನ್ ನಿಂತ್ಹೋಯ್ತು.

ಸದ್ದಿಲ್ಲ. ಕಾಳಮ್ಮನ ಕಣ್ಣಿಗೆ ಎರಡೇ ಕಾಣ್ತಿತ್ತಂತೆ: ಮೇಲೆ ಬೆಳ್ಳಕ್ಕಿ, ಅದರ ಕೆಳಗೆ ಗಂಡ. ಸದ್ದು ನಿಂತಿದ್ದು ಅವನಿಗೂ ಕೇಳಿಸಿತು. ಬಿತ್ತು ಅಂದ್ಕೊಂಡ. ಎದ್ದು ನಿಂತ. ಆಕಾಶ ನೋಡದೆ ಚೀಲವನ್ನ ಬಾವಿ ಮೇಲಕ್ಕೆ ಹಿಡಿದ. ಕೂಗಿದ್ರೆ ಕೇಳಿಸೋ ದೂರವಲ್ಲ. ಅವಳಿಗೆ ಮಾಡೋಕೆ ಇದ್ದಿದ್ದು ಒಂದೇ ಕೆಲಸ, ಬೆಳ್ಳಕ್ಕಿ ಬಿದ್ದಿಲ್ಲ ಅಂತ ಅವನಿಗೆ ಕಾಣಿಸೋದು.

ಬಾವಿ ಹತ್ರ ಏನಾಯ್ತು ಅನ್ನೋದನ್ನ ಸಿಂಗ್ರಾಚಾರಿಯೇ ಆಮೇಲೆ ಹೇಳಿದ್ದಂತೆ. ಎಸೆಯೋಕೆ ಅಂತ ತಲೆ ಬಗ್ಗಿಸಿದ. ಬಾವಿ ನೀರಲ್ಲಿ ಬೆಳ್ಳಕ್ಕಿ ಕಂಡಿತು, ಎರಡೂ ರೆಕ್ಕೆ ಚಾಚಿಕೊಂಡು. ತಲೆ ಎತ್ತೋವಷ್ಟರಲ್ಲಿ ಅದು ಸುಯ್ ಅಂತ ಅವನ ನೆತ್ತಿ ಮೇಲೆ ಹಾದು ಹೋಯ್ತು. ಚೀಲ ಹೆಗಲಿಗೆ ಹಾಕ್ಕೊಂಡು ಅದರ ಹಿಂದೆ ಓಡಿದನಂತೆ, ಎತ್ತಿನ ಹಿಂದೆ ಓಡಿದಂಗೆ.

ಬೆಳ್ಳಕ್ಕಿ ತಗ್ಗಿ ತಗ್ಗಿ ಬಂತು. ಗಾಳಿ ಹೊಡೀತು, ಈ ಕಡೆ ರೆಕ್ಕೆ ಬಿತ್ತು. ಕಾಳಮ್ಮ ಹೆಗಲು ಕೊಟ್ಳು. ಆ ಕಡೆ ರೆಕ್ಕೆ ಬಿತ್ತು. ಆ ಕಡೆಗೂ ಕೊಟ್ಳು. ಹಿಂದೆ ಓಡಿ ಬರ್ತಿದ್ದ ಸಿಂಗ್ರಾಚಾರಿಯೂ ರೆಕ್ಕೆ ವಾಲಿದ ಕಡೆಗೇ ತನ್ನ ಹೆಗಲು ಹೊರಳಿಸ್ತಾ ಬರ್ತಿದ್ದುದು ಅವಳಿಗೆ ಕಂಡಿತಂತೆ. ಅಷ್ಟು ದೂರದಿಂದ ಹೆಂಗೆ ಕಂಡಿತು ಅಂತ ಯಾರಾದ್ರೂ ಕೇಳಿದ್ರೆ ಎದ್ದು ಹೋಗ್ತೀನಿ ನೋಡಿ. ಕಟ್ಕೊಂಡೋಳಿಗೆ ಕಾಣುತ್ತೆ. ವಿಮಾನ ಉಳಿದಿದ್ದು ಹೆಂಡತಿ ಹೆಬ್ಬೆರಳಿಂದಲ್ಲ, ಗಂಡನ ಹೆಗಲಿಂದ ಅಂತ ಹೇಳೋ ಗಂಡಸರೂ ಇದ್ದಾರೆ. ಹೇಳ್ಕೊಳ್ಳಲಿ ಬಿಡಿ.

ಚಕ್ರ ನೆಲ ಮುಟ್ಟಿತು. ಒಂದು ಸಲ ಕುಪ್ಪಳಿಸಿತು. ಆಮೇಲೆ ನೆಟ್ಟಗೆ ಉರುಳಿಕೊಂಡು ಬಂದು ಕಾಳಮ್ಮನ ಕಾಲ ಬಳಿ ನಿಂತಿತಂತೆ. ಅವಳ ಸೀರೆಯ ನೆರಿಗೆ ಮುಟ್ಟಿ ನಿಂತಿತು ಅಂತಾರೆ. ನೀವು ಒಂದು ಮಾರು ದೂರ ಅಂತ ಇಟ್ಕೊಳ್ಳಿ, ಪರವಾಗಿಲ್ಲ. ಜನ ಹಗ್ಗ ಕಿತ್ಕೊಂಡು ನುಗ್ಗಿದ್ರು. ಪೊನ್ನಪ್ಪನೋರು ಟೋಪಿ ತೆಗೆದು ಅವಳಿಗೆ ಕೈ ಮುಗಿದ್ರಂತೆ. ಮೀಸೆ ಮಣ್ಣಿನ ಮಾತಾಡಿದ್ದೋನೇ ಎಲ್ಲರಿಗಿಂತ ಮುಂದೆ ನಿಂತು ಚಪ್ಪಾಳೆ ಹೊಡೆದನಂತೆ.

ಸಿಂಗ್ರಾಚಾರಿ ಏದುಸಿರು ಬಿಡ್ತಾ ಬಂದ. ಹೆಂಡತಿ ಮುಖ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ರೆಕ್ಕೆ ಉದ್ದಕ್ಕೂ ಕೈಯಾಡಿಸಿದ. ಬೆರಳ ಗೆಣ್ಣಲ್ಲಿ ತಟ್ಟಿ ನೋಡಿದ.

"ಈ ಕಡೆ ತುದಿ ಒಂಚೂರು ಭಾರ ಆಗಿದೆ ಕಣೆ," ಅಂದ. "ಸಿಬಿರಷ್ಟು ತೆಗೀಬೇಕು. ಉಳಿ ಎಲ್ಲಿ?"

"ನಿಮ್ಮ ಹೆಗಲ ಮೇಲೇ ಇದೆಯಲ್ಲ," ಅಂದ್ಳು ಕಾಳಮ್ಮ.

ಅಲ್ಲೇ, ಬಯಲ ನಡುವೆ, ಅಷ್ಟು ಜನರ ಎದುರಿಗೆ ಅವನು ಚೀಲದ ಬಾಯಿ ಬಿಚ್ಚಿದ. ಉಳಿ ತೆಗೆದು ಪಂಚೆಗೆ ಒರೆಸಿ ಕಣ್ಣಿಗೊತ್ತಿಕೊಂಡ. ಕೊಡತಿಯಿಂದ ಟಕ್ ಅಂತ ಒಂದು ಏಟು ಕೊಟ್ಟ. ವಿಮಾನ ಬಿದ್ದಾಗ ಅಳದ ಕಾಳಮ್ಮ ಆ ಸದ್ದು ಕೇಳಿ, ರೇಡಿಯೋ ಪೆಟ್ಟಿಗೆ ಕೊರಳಲ್ಲಿರೋವಾಗಲೇ, ಸೆರಗಲ್ಲಿ ಮುಖ ಮುಚ್ಕೊಂಡು ಅತ್ತಳಂತೆ. ಅಷ್ಟು ಸಂತೋಷವಾಗಿತ್ತು ಅವಳಿಗೆ.

ಅವರಿಬ್ಬರೂ ಆಮೇಲೆ ಎಷ್ಟು ವಿಮಾನ ಕಟ್ಟಿದ್ರು, ಎಲ್ಲೆಲ್ಲಿ ಹಾರಿಸಿದ್ರು ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಆದ್ರೆ ಇದು ಮಾತ್ರ ಸುಳ್ಳಲ್ಲ. ಈಗಲೂ ಹದ್ದಿನ ಬಯಲಿಗೆ ಹೊಸಬ ಯಾರಾದ್ರೂ ವಿಮಾನ ತಂದ್ರೆ, ಹಳಬರು ಅದರ ಒಂದು ರೆಕ್ಕೆ ಮೆಲ್ಲಗೆ ಅದುಮಿ ತಗ್ಗಿಸ್ತಾರೆ. ಅವನು ಮಾತಾಡದೆ ಹೋಗಿ ಅದಕ್ಕೆ ಹೆಗಲು ಕೊಟ್ಟು ಎತ್ತಬೇಕು. ಎಡವೋ ಬಲವೋ ಅಂತ ಕೇಳಿದ್ರೆ, ಹೋಗಪ್ಪಾ, ಒಂದು ಸುಗ್ಗಿ ಹುಲ್ಲು ಹೊತ್ತು ಬಾ ಅಂತ ಕಳಿಸ್ತಾರೆ. ಆಯುಧಪೂಜೆಗೆ ಆಚಾರಿಗಳ ಮನೆಯಲ್ಲಿ ಉಳಿ ಪಕ್ಕ ರೇಡಿಯೋ ಪೆಟ್ಟಿಗೆಗೂ ಕುಂಕುಮ ಇಡ್ತಾರೆ. ಇನ್ನು ವಿಮಾನ ಕ್ಷೇಮವಾಗಿ ಇಳಿದ ಮೇಲೆ, ರಿಪೇರಿ ಇರಲಿ ಇಲ್ಲದಿರಲಿ, ಅದರ ಯಜಮಾನ ಪಕ್ಕದಲ್ಲಿ ಕೂತು ಒಂದು ಮರದ ತುಂಡಿನ ಮೇಲೆ ಉಳಿಯಿಟ್ಟು ಟಕ್ ಅಂತ ಒಂದು ಏಟು ಹೊಡೀತಾನೆ. ಆ ಸದ್ದು ಕೇಳೋ ತನಕ ಹಗ್ಗದಾಚೆ ಯಾರೂ ಚಪ್ಪಾಳೆ ಹೊಡೆಯಲ್ಲ. ಮೊದಲು ಕಾಳಮ್ಮನಿಗೆ ಕೇಳಿಸಲಿ ಅಂತ.