ಕಂಬದ ಕಣ್ಣೂ ಹಾಲಮ್ಮನ ಸ್ಕೂಟರೂ

ನಗುವುದಾದರೆ ಇಲ್ಲೇ ನಕ್ಕುಬಿಡಿ, ಹಾಲಮ್ಮನ ಎದುರಿಗೆ ಮಾತ್ರ ಬೇಡ. ನಮ್ಮೂರ ಗಡಿಯಾರದ ಸರ್ಕಲ್ಲಿನ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿಯುವ ಈ ಹಾಲಮ್ಮನಿಗೆ ಒಬ್ಬನೇ ಮಗ, ಕರಿಬಸ. ಮೈ ಆನೆಯಷ್ಟು, ಬುದ್ಧಿ ಆ ಆನೆಯ ಬಾಲದಷ್ಟು. ಇದ್ದದ್ದು ಒಂದು ಹಳೇ ಸ್ಕೂಟರು. ಅವ್ವ ಬಡಿದ ರೊಟ್ಟಿ ಬಿಸಿ ಆರುವ ಮುಂಚೆ ಸ್ಕೂಟರಿನ ಮೇಲೆ ಖಾನಾವಳಿ ಮುಟ್ಟಿದರೆ ಮನೆಯ ಒಲೆ ಉರಿಯಿತು, ಇಲ್ಲದಿದ್ದರೆ ಇಲ್ಲ.

ಸರ್ಕಲ್ಲಿನ ಕಂಬಕ್ಕೆ ಕ್ಯಾಮೆರಾ ಬಂತು ನೋಡಿ, ಶುರುವಾಯಿತು. ಮೂರನೇ ದಿನಕ್ಕೇ ಹಾಲಮ್ಮನ ಮೊಬೈಲಿಗೆ ಪೊಲೀಸರಿಂದ ಫೋಟೋ: ಸ್ಕೂಟರಿನ ಮೇಲೆ ಬರಿದಲೆಯ ಕರಿಬಸ!

"ಅಯ್ಯೋ ಪೆದ್ದೇ! ಆ ಕಂಬದ ಕಣ್ಣು ರೆಪ್ಪೆ ಬಡಿಯಲ್ಲ ಕಣೋ! ಇನ್ನೆರಡು ಸಲ ಸಿಕ್ಕಿಬಿದ್ರೆ ಗಾಡೀನೇ ಎತ್ಕೊಂಡು ಹೋಗ್ತಾರಂತೆ! ಕ್ಯಾಮೆರಾ ಕಂಡ ಕಡೆ ಹೆಲ್ಮೆಟ್ ತೆಗೀಬೇಡ!"

"ಆಗ್ಲವ್ವ."

ಮಾರನೇ ದಿನ ರಾಚಪ್ಪನವರ ಖಾನಾವಳಿಗೆ ಹೋದ. ಗಲ್ಲಾದ ಮೇಲೂ ಒಂದು ಕ್ಯಾಮೆರಾ! ಕರಿಬಸ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಗಲ್ಲಾಕ್ಕೆ ಅಂಟಿ ನಿಂತ.

"ಯಾರಲೇ ನೀನು?" ಕರಿಬಸ ಹೆಲ್ಮೆಟ್ಟಿನ ಪಟ್ಟಿ ಇನ್ನಷ್ಟು ಬಿಗಿದ.

"ತೆಗಿಯಲೇ ಅದನ್ನ!" ತೆಗೆಯಲಿಲ್ಲ.

"ಕಳ್ಳ! ಕಳ್ಳ!" ಅಂತ ರಾಚಪ್ಪನವರು ಚೀರಿದ್ದೇ ತಡ, ಒಳಗಿಂದ ಸೌಟು ಬಂತು, ಲಟ್ಟಣಿಗೆ ಬಂತು, ಅಡುಗೆಯವನೂ ಬಂದ.

"ಪೆದ್ದೇ!" ಅಂದಳು ಅವ್ವ, ಬೆನ್ನಿಗೆ ಎಣ್ಣೆ ತಿಕ್ಕುತ್ತಾ. "ಹೆಲ್ಮೆಟ್ ತೆಗೆದು, ಮುಖ ತೋರಿಸಿ, ಕೈ ಮುಗಿದು, ಇಂಥವರ ಮಗ ಅಂತ ಹೇಳಬೇಕಪ್ಪ!"

"ಆಗ್ಲವ್ವ."

ಮಾರನೇ ದಿನ ಸರ್ಕಲ್ಲು. ಬಿಳಿ ಪಟ್ಟೆಗಳ ನಟ್ಟನಡುವೆ ಗಾಡಿ ನಿಲ್ಲಿಸಿದ. ಹೆಲ್ಮೆಟ್ ತೆಗೆದ. ಕಂಬಕ್ಕೆ ಕೈ ಮುಗಿದ. "ನಾನು ರೊಟ್ಟಿ ಹಾಲಮ್ಮನ ಮಗ ಕರಿಬಸ ರೀ!" ಹಿಂದೆ ಹಾರನ್ನೋ ಹಾರನ್ನು. ಸಂಜೆಗೆ ಫೋಟೋ, ಕೈ ಮುಗಿದದ್ದೂ ಸ್ಪಷ್ಟ!

ಹಾಲಮ್ಮ ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಎದ್ದಳು. "ಇನ್ನೊಂದೇ ಸಲ ಉಳಿದಿರೋದು ಕಣೋ! ಆಮೇಲೆ ಗಾಡಿ ಇಲ್ಲ, ರೊಟ್ಟಿ ಇಲ್ಲ! ಕೆಂಪು ದೀಪ ಕಂಡ್ರೆ ನಿಂತ್ಕೋ. ಹಸಿರು ಕಾಣೋವರೆಗೂ ಕದಲಬೇಡ!"

"ಆಗ್ಲವ್ವ."

ಮಾರನೇ ದಿನ ರೈಲ್ವೆ ಗೇಟಿನ ಆಚೆಯ ಖಾನಾವಳಿಗೆ ಹೊರಟ. ಹಳಿಯ ಮೇಲೆ ಗಾಡಿ ಬಂದಿತ್ತಷ್ಟೇ, ಗಂಟೆ ಬಡಿಯಿತು, ಎದುರಿಗೆ ಕೆಂಪು ದೀಪ ಹತ್ತಿತು. ಕರಿಬಸ ನಿಂತ. ಎಲ್ಲಿ? ಹಳಿಯ ಮೇಲೆಯೇ!

"ತಮ್ಮಾ, ರೈಲು ಬಂತು! ಈಚೆ ಬಾ!" ಗೇಟು ಕಾಯುವ ಮೊಹಿದ್ದೀನ್ ಸಾಬರ ಕೂಗು.

"ಹಸಿರು ಬಂದಿಲ್ಲ ಸಾಬ್ರೇ!"

ತಿರುವಿನಲ್ಲಿ ಎಂಜಿನ್ ಕಾಣಿಸಿತು. ಹಳಿ ಗುಂಯ್‌ಗುಟ್ಟಿತು. ಕರಿಬಸನ ಕಣ್ಣಲ್ಲಿ ನೀರು, ಕಾಲು ಮಾತ್ರ ಅಲ್ಲೇ.

"ಓಡೋ! ಗಾಡಿ ಬಿಟ್ಟು ಓಡೋ!"

"ಅವ್ವ ಕದಲಬೇಡ ಅಂದಾಳೆ!"

ಸಾಬರ ಕಂಕುಳಲ್ಲಿ ರೈಲಿಗೆ ತೋರಿಸುವ ಹಸಿರು ಬಾವುಟ! ಫಟ್ಟನೆ ಬಿಚ್ಚಿ ಕರಿಬಸನ ಮುಖಕ್ಕೇ ಹಿಡಿದರು.

"ಹಾಂ, ಬಂತು!" ಅಂದವನೇ ಹೊರಟ. ಅವನ ಬೆನ್ನಿಗೇ ರೈಲು ಹೋಯಿತು. ಆ ಗಾಳಿಗೆ ಎರಡು ರೊಟ್ಟಿ ಹಾರಿಹೋದವು.

ಸಾಬರೇ ಮನೆಗೆ ಬಂದು ಹೇಳಿದಾಗ ಹಾಲಮ್ಮ ಹಿಟ್ಟಿನ ಕೈಯಲ್ಲೇ ಮಗನ ಕೆನ್ನೆ ಹಿಡಿದುಕೊಂಡಳು. 

"ಗಾಡಿ ಹೋದ್ರೆ ಹೋಗ್ಲಿ ಮಗನೇ! ಯಾರಾದ್ರೂ ಓಡು ಅಂತ ಕೂಗಿದ್ರೆ, ಗಾಡಿ ಅಲ್ಲೇ ಬಿಟ್ಟು ಮನೆಗೆ ಓಡಿ ಬಾ!"

"ಆಗ್ಲವ್ವ."

ಮಾರನೇ ದಿನ ಮತ್ತೆ ಸರ್ಕಲ್ಲು. ಕೆಂಪು ದೀಪ. ಕರಿಬಸ ಗೆರೆಯ ಹಿಂದೆ ನಿಂತಿದ್ದ, ತಲೆಯ ಮೇಲೆ ಹೆಲ್ಮೆಟ್ಟಿತ್ತು. ಹುಟ್ಟಿದಾಗಿನಿಂದ ಇಷ್ಟು ಸರಿಯಾಗಿ ಅವನು ಏನನ್ನೂ ಮಾಡಿರಲಿಲ್ಲ! ಅಷ್ಟರಲ್ಲಿ ಪಕ್ಕದ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್, ದೂರದಲ್ಲಿ ಚೀಲ ಹೊತ್ತು ಬರುತ್ತಿದ್ದ ಅಜ್ಜಿಗೆ ಕೂಗಿದ: "ಓಡು ಯಮ್ಮಾ, ಓಡು!"

ಕರಿಬಸ ರೊಟ್ಟಿಯ ಗಂಟನ್ನೂ ಗಾಡಿಯನ್ನೂ ಸರ್ಕಲ್ಲಿನಲ್ಲೇ ಬಿಟ್ಟು ಓಡಿದ. ಓಣಿಯ ತಿರುವಿನಲ್ಲಿ ನಿಂತು ಸರ್ಕಲ್ಲಿನ ಕಡೆ ತುಸು ಹೊತ್ತು ನೋಡಿದ. ಮತ್ತೆ ಓಡಿದ.

"ಅವ್ವಾ, ಬದುಕಿ ಬಂದೆ!"

"ಗಾಡಿ ಎಲ್ಲೋ?"

"ಹೆದರಬೇಡವ್ವ! ನಾನು ಬಿಟ್ಟು ಬಂದ್ರೂ ಪೊಲೀಸರು ಬಿಡಲಿಲ್ಲ. ಎತ್ತಿ ಲಾರಿ ಹತ್ತಿಸಿದ್ರು. ಈಗ ಅದು ಲಾರಿ ಮೇಲೆ ಕೂತು ಹೋಗ್ತಿದೆ, ಆ ಕಂಬದ ಕಣ್ಣು ಇನ್ನು ಅದಕ್ಕೆ ಏನು ಮಾಡೀತು!"

ಹಾಲಮ್ಮ ಬೈಯಲೆಂದು ಎದ್ದವಳು ಮತ್ತೆ ಒಲೆಯ ಮುಂದೆಯೇ ಕೂತಳು. ಹೋದ್ರೆ ಹೋಗ್ಲಿ ಅಂದವಳು ತಾನೇ ಅಲ್ಲವೇ!