ಮುಂಗುಸಿಯ ಜೊತೆಗಾರ

ಊರಾಚೆಯ ಗಾಲ್ಫ್ ಮೈದಾನದಲ್ಲಿ ಪ್ರಾಣಿಗಳು ವರ್ಷಕ್ಕೊಮ್ಮೆ ಜೋಡಿ ಕಟ್ಟಿಕೊಂಡು ಸ್ನೇಹಕ್ಕಾಗಿ ಪಂದ್ಯ ಆಡುತ್ತಿದ್ದವು. ಆ ವರ್ಷ ಚೀಟಿ ಎತ್ತಿದಾಗ ಮುಂಗುಸಿಗೆ ಕಾಗೆ ಜೊತೆಯಾಯಿತು. ಕದಿಯುವ ಜಾತಿಯನ್ನು ನಂಬುವುದು ಹೇಗೆಂದು ಮುಂಗುಸಿ ಕಾಗೆಯ ಮೇಲೊಂದು ಕಣ್ಣಿಟ್ಟೇ ಆಡಿತು.

ಆದರೂ ಆಟ ಚೆನ್ನಾಗಿಯೇ ಸಾಗಿ, ಕೊನೆಯ ಕುಳಿಗೆ ಬರುವಾಗ ಮೊಲಗಳ ಜೋಡಿಗೂ ಇವಕ್ಕೂ ಸಮಸಮವಾಗಿತ್ತು. ಆಗ ಮುಂಗುಸಿ ಹೊಡೆದ ಚೆಂಡು ಮುಳ್ಳುಪೊದೆಗಳ ನಡುವೆ ಹೋಗಿ ಬಿತ್ತು.

"ಬಿದ್ದದ್ದನ್ನು ಮರದ ಮೇಲಿನಿಂದ ಕಂಡೆ. ತೋರಿಸಲೇ, ಮುಂಗುಸಿಯಣ್ಣ?" ಎಂದಿತು ಕಾಗೆ.

"ಬೇಡ. ನೀನು ಅತ್ತ ಹಾರಿದರೆ ಚೆಂಡೂ ಹಾರೀತು. ಮರ ಬಿಟ್ಟು ಕದಲಬೇಡ, ಬಾಯಿಯನ್ನೂ ತೆರೆಯಬೇಡ!"

ಕಾಗೆ ಮರದಲ್ಲೇ ಕುಳಿತಿತು. ಮುಂಗುಸಿ ಮೈಯೆಲ್ಲ ಗೀಚಿಸಿಕೊಂಡು ಹುಡುಕಿತು. ನಡುನಡುವೆ ತಲೆಯೆತ್ತಿ ಕಾಗೆ ಅಲ್ಲಿಯೇ ಇದೆಯೇ ಎಂದು ನೋಡಿತು. ಚೆಂಡು ಹುಡುಕಲು ಕೊಟ್ಟ ಹೊತ್ತು ಮೀರಿ ಮೊಲಗಳು ಗೆದ್ದವು.

"ಈಗಲಾದರೂ ಹೇಳು, ಎಲ್ಲಿದೆ ಚೆಂಡು?" ಎಂದಿತು ಮುಂಗುಸಿ.

"ಹುತ್ತದ ಪಕ್ಕದಲ್ಲಿ."

ಚೆಂಡು ಅಲ್ಲಿಯೇ ಇತ್ತು. ಮುಂಗುಸಿ ಅದನ್ನು ಮೂಸಿ ನೋಡಿ, ಕಾಗೆಯ ಕಡೆ ತಿರುಗಿತು.

"ಇಷ್ಟು ಸರಿಯಾಗಿ ಹೇಳುತ್ತೀಯಲ್ಲ! ನೀನೇ ತಂದಿಟ್ಟಿರಬೇಕು."

ಕಾಗೆ ಗೆದ್ದ ಮೊಲಗಳ ಜೊತೆ ನಲಿಯಲು ಹಾರಿಹೋಯಿತು.